ಅನುದಾನ: ಕೊಡುವವರಾರು, ಬೇಡುವವರಾರು?

ಮಾತುಗಳು ಕಾಲಕ್ರಮದಲ್ಲಿ ಅರ್ಥವನ್ನು ಬದಲಾಯಿಸಿಕೊಳ್ಳುವುದು ಭಾಷೆಯ ಸಹಜಧರ್ಮ. ಅರ್ಥಸಂಕೋಚ, ಅರ್ಥವಿಸ್ತಾರ, ಅರ್ಥೋತ್ಕರ್ಷ, ಅರ್ಥಾಪಕರ್ಷ ಎಂದು ಭಾಷಾಶಾಸ್ತ್ರಜ್ಞರು ಈ ಬದಲಾವಣೆಯನ್ನು ವಿಂಗಡಿಸಿ ಹೇಳುತ್ತಾರೆ. ಆದರೆ ಒಂದು ಮಾತು ಅರ್ಥವನ್ನು ಉಳಿಸಿಕೊಂಡು ದಿಕ್ಕನ್ನು ಮಾತ್ರ ತಿರುಗಿಸಿಕೊಂಡರೆ ಅದನ್ನು ಏನೆಂದು ಕರೆಯೋಣ? ‘ಅನುದಾನ’ ಎಂಬ ಮಾತಿಗೆ ನಮ್ಮ ಕಣ್ಣೆದುರಿಗೇ ಹೀಗಾಗಿದೆ.

ಊರ ಬಸ್ಸು ತಂಗುದಾಣದ ಮೇಲೆ, ಸಮುದಾಯ ಭವನದ ಗೋಡೆಯ ಮೇಲೆ, ಕುಡಿಯುವ ನೀರಿನ ತೊಟ್ಟಿಯ ಮೇಲೆ ‘ಮಾನ್ಯ ಶಾಸಕರ ಅನುದಾನದಲ್ಲಿ ನಿರ್ಮಿಸಿದ್ದು’ ಎಂಬ ಬರಹವನ್ನು ನೋಡದವರು ವಿರಳ. ಓದಿದವನಿಗೆ, ಯಾರೋ ಉದಾರಿಗಳು ತಮ್ಮ ಗಂಟನ್ನು ಬಿಚ್ಚಿ ಊರಿಗೆ ಉಪಕಾರ ಮಾಡಿದರೆಂಬ ಭಾವನೆ ಬರುವುದು ಸಹಜ. ದಾನಿ ಮೇಲೆ, ಪ್ರತಿಗ್ರಾಹಿ ಕೆಳಗೆ. ಆದರೆ ನಮ್ಮ ಸಂವಿಧಾನವನ್ನು ತೆರೆದು ನೋಡಿದರೆ ಚಿತ್ರ ಇದಕ್ಕೆ ತೀರ ವಿರುದ್ಧವಾಗಿದೆ. 112ನೆಯ ಅನುಚ್ಛೇದ ವಾರ್ಷಿಕ ಹಣಕಾಸಿನ ವಿವರಣ ಪತ್ರವನ್ನು ಸಂಸತ್ತಿನ ಮುಂದೆ ಇಡಬೇಕೆನ್ನುತ್ತದೆ; ‘ಬಜೆಟ್’ ಎಂಬ ಮಾತನ್ನು ಅದು ಬಳಸುವುದೇ ಇಲ್ಲ. 113ನೆಯ ಅನುಚ್ಛೇದದ ಪ್ರಕಾರ, ಮತಕ್ಕೆ ಒಳಪಡುವ ಪ್ರತಿಯೊಂದು ವೆಚ್ಚಕ್ಕೂ ಸರ್ಕಾರವು ಲೋಕಸಭೆಯ ಮುಂದೆ ‘ಅನುದಾನದ ಬೇಡಿಕೆ’ ಸಲ್ಲಿಸಬೇಕು. ಸಭೆ ಅದಕ್ಕೆ ಒಪ್ಪಬಹುದು, ಒಪ್ಪದಿರಬಹುದು, ಮೊತ್ತವನ್ನು ಇಳಿಸಬಹುದು. ರಾಜ್ಯಗಳ ವಿಧಾನಸಭೆಗಳಿಗೆ ಇದೇ ಅಧಿಕಾರವನ್ನು 203ನೆಯ ಅನುಚ್ಛೇದ ಕೊಟ್ಟಿದೆ.

‘ಬೇಡಿಕೆ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಬೇಡುವುದು ಸರ್ಕಾರ, ಕೊಡುವುದು ಪ್ರಜೆಗಳ ಪರವಾಗಿ ಸಭೆ. ಸಂವಿಧಾನದಲ್ಲಿ ಅನುದಾನವು ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಗೋಡೆಯ ಬರಹದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇದು ಕೇವಲ ಶಬ್ದದ ಚಮತ್ಕಾರವಲ್ಲ. ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ಪಡೆದವನಿಗೆ ಕೃತಜ್ಞತೆ ಹೇಳುವ ಕರ್ತವ್ಯವಷ್ಟೇ ಉಳಿಯುತ್ತದೆ. ಕೊಟ್ಟವರು ತಾವೆಂಬುದನ್ನು ಪ್ರಜೆಗಳು ಮರೆತ ದಿನ ಲೆಕ್ಕ ಕೇಳುವ ನಾಲಗೆ ತಾನಾಗಿಯೇ ಬಿದ್ದುಹೋಗುತ್ತದೆ.

ಲೆಕ್ಕ ಕೇಳುವ ಪರಂಪರೆ ನಮಗೆ ಹೊಸದೇನಲ್ಲ. ಮಹಾಭಾರತದ ಸಭಾಪರ್ವದಲ್ಲಿ ನಾರದನು ಧರ್ಮರಾಯನ ಸಭೆಗೆ ಬಂದು ಪ್ರಶ್ನೆಗಳ ಮಳೆಯನ್ನೇ ಕರೆಯುತ್ತಾನೆ. ಲೆಕ್ಕಿಗರೂ ಬರಹಗಾರರೂ ದಿನದಿನವೂ ಪೂರ್ವಾಹ್ನದಲ್ಲಿ ಆಯವ್ಯಯವನ್ನು ನೋಡುತ್ತಿರುವರೇ, ವ್ಯಯವು ಆಯದ ಇಂತಿಷ್ಟು ಪಾಲಿನೊಳಗೆ ನಿಂತಿದೆಯೇ ಎಂಬ ಪ್ರಶ್ನೆಗಳು ಅವುಗಳಲ್ಲಿ ಸೇರಿವೆ. ನಾವು ಇಂದು ಬಜೆಟ್ಟಿಗೆ ಬಳಸುವ ‘ಆಯವ್ಯಯ’ ಎಂಬ ಮಾತು ಅಷ್ಟು ಹಳೆಯದು. ನಮ್ಮ ಕುಮಾರವ್ಯಾಸನೂ ಈ ಸಂದರ್ಭವನ್ನು ಕೈಬಿಟ್ಟಿಲ್ಲ. ಆದರೆ ಅಲ್ಲಿ ಕೇಳುವವನು ದೇವಮುನಿ, ಉತ್ತರ ಕೊಡುವವನು ಅರಸು. ತೆರಿಗೆ ತೆತ್ತ ರೈತನಿಗೆ ಆ ಸಭೆಯಲ್ಲಿ ಸ್ಥಾನವಿಲ್ಲ.

ಆ ಸ್ಥಾನದ ಕಡೆಗೆ ಒಂದು ಹೆಜ್ಜೆಯನ್ನು ಇಟ್ಟದ್ದು 1881ರ ಮೈಸೂರು. ದಿವಾನ್ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಕಾರ್ಯಕ್ರಮವನ್ನೂ ರೈತರ, ವರ್ತಕರ ಪ್ರತಿನಿಧಿಗಳ ಮುಂದೆ ಇಡುವ ಪದ್ಧತಿ ಮೊದಲಾಯಿತು. ಆಗ ಅವರಿಗೆ ಇದ್ದದ್ದು ಕೇಳಿಸಿಕೊಳ್ಳುವ ಮತ್ತು ಅರಿಕೆ ಮಾಡಿಕೊಳ್ಳುವ ಅವಕಾಶವಷ್ಟೇ. ಆಯವ್ಯಯದ ಬಗೆಗೆ ಅಭಿಪ್ರಾಯ ಹೇಳುವ, ಹೊಸ ತೆರಿಗೆಗಳ ವಿಷಯದಲ್ಲಿ ವಿಚಾರಿಸಲ್ಪಡುವ ಹಕ್ಕು ದೊರೆತದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ 1923ರ ಸುಧಾರಣೆಗಳಿಂದ. ಕೇಳಿಸಿಕೊಳ್ಳುವುದರಿಂದ ಕೇಳುವುದರವರೆಗೆ ನಲವತ್ತೆರಡು ವರ್ಷಗಳ ದಾರಿ.

1950ರ ಸಂವಿಧಾನ ಈ ಹಕ್ಕನ್ನು ಪೂರ್ಣಗೊಳಿಸಿತು. ಆದರೆ ಹಕ್ಕಿರುವುದು ಬೇರೆ, ಅದನ್ನು ಚಲಾಯಿಸುವುದು ಬೇರೆ. ಸದಸ್ಯನೊಬ್ಬನು ಯಾವುದಾದರೊಂದು ಬೇಡಿಕೆಯಿಂದ ನೂರು ರೂಪಾಯಿ ಕಡಿತ ಮಾಡಬೇಕೆಂದು ಸೂಚನೆ ಕೊಡಬಹುದು. ಲಕ್ಷಾಂತರ ಕೋಟಿಗಳಲ್ಲಿ ನೂರು ರೂಪಾಯಿ ಏನೂ ಅಲ್ಲ. ಅದರ ನೆಪದಲ್ಲಿ ಒಂದು ಕುಂದುಕೊರತೆಯನ್ನು ಸಭೆಯ ಮುಂದೆ ಆಡಿತೋರಿಸುವುದೇ ಅದರ ಉದ್ದೇಶ. ಎಷ್ಟು ಸೊಗಸಾದ ಏರ್ಪಾಡು! ಆದರೆ ಗೊತ್ತಾದ ದಿನದ ಕೊನೆಯ ಗಳಿಗೆಯಲ್ಲಿ, ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟುಗೂಡಿಸಿ ಮತಕ್ಕೆ ಹಾಕುವ ಕ್ರಮವೊಂದಿದೆ. ಅದಕ್ಕೆ ಸಂಸದೀಯ ಪರಿಭಾಷೆಯಲ್ಲಿ ‘ಗಿಲೊಟಿನ್’ ಎಂದು ಹೆಸರು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ತಲೆ ಕತ್ತರಿಸಿದ ಯಂತ್ರದ ಹೆಸರೇ ಅದು. 2018ರ ಮಾರ್ಚ್ 14ರಂದು ಲೋಕಸಭೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನೂ ಹಣಕಾಸು ವಿಧೇಯಕವನ್ನೂ ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕರಿಸಿತು. 2023ರ ಮಾರ್ಚಿಯಲ್ಲಿ ಬೇಡಿಕೆಗಳಿಗೆಲ್ಲ ಮತ್ತೆ ಇದೇ ಗತಿಯಾಯಿತು. ತಪ್ಪು ಒಂದು ಪಕ್ಷದ್ದೆಂದು ಹೇಳುವಂತಿಲ್ಲ. ಗದ್ದಲವೆಬ್ಬಿಸಿದವರೂ ಗದ್ದಲವನ್ನೇ ಅನುಕೂಲವೆಂದು ಬಗೆದವರೂ ಇದರಲ್ಲಿ ಸಮಭಾಗಿಗಳು.

ಇಷ್ಟು ದೊಡ್ಡ ದೇಶದ ಇಷ್ಟೊಂದು ಇಲಾಖೆಗಳ ಲೆಕ್ಕವನ್ನು ಕೆಲವು ದಿನಗಳಲ್ಲಿ ಚರ್ಚಿಸುವುದು ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆಂದೇ 1993ರಿಂದ ಇಲಾಖಾವಾರು ಸ್ಥಾಯಿಸಮಿತಿಗಳು ಬೇಡಿಕೆಗಳನ್ನು ಪರಿಶೀಲಿಸುತ್ತಿವೆ. ಖರ್ಚಾದ ಮೇಲೆ ಮಹಾಲೆಕ್ಕ ಪರಿಶೋಧಕರು ವರದಿ ಕೊಡುತ್ತಾರೆ; ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ವಿಮರ್ಶಿಸುತ್ತದೆ. ಇಂಗ್ಲೆಂಡಿನಲ್ಲಿ ಗ್ಲಾಡ್‌ಸ್ಟನ್ 1861ರಲ್ಲಿ ನೆಲೆಗೊಳಿಸಿದ ಈ ಸಮಿತಿಪದ್ಧತಿ ನಮ್ಮಲ್ಲಿಗೆ 1921ರಲ್ಲಿ ಬಂದಿತು. 1967ರಿಂದ ಅದರ ಅಧ್ಯಕ್ಷಸ್ಥಾನ ವಿರೋಧಪಕ್ಷದವರಿಗೆ ಸಲ್ಲುವ ಸಂಪ್ರದಾಯ ಬೆಳೆಯಿತು. ಇವೆಲ್ಲ ಆದರಣೀಯ ಸಂಸ್ಥೆಗಳು. ಆದರೆ ಇವುಗಳ ಕೆಲಸ ನಡೆಯುವುದು ಬಹುಮಟ್ಟಿಗೆ ಮುಚ್ಚಿದ ಬಾಗಿಲ ಹಿಂದೆ, ಪರಿಣತರ ಭಾಷೆಯಲ್ಲಿ, ಹಣ ಖರ್ಚಾಗಿ ಬಹುಕಾಲ ಸಂದ ಮೇಲೆ. ಬಾರದ ಕಾಲುವೆಗಾಗಿ ಕಾದು ಕುಳಿತ ರೈತನಿಗೂ ವರದಿಯ ಪುಟಕ್ಕೂ ನಡುವೆ ಸೇತುವೆಯಿಲ್ಲ.

ಆ ಸೇತುವೆಯನ್ನು ಕಟ್ಟಿದವರು ಪಂಡಿತರಲ್ಲ. ರಾಜಸ್ಥಾನದ ಬರಸೀಮೆಯ ಕೂಲಿಗಳು. ಬರಪರಿಹಾರದ ಕಾಮಗಾರಿಗಳಲ್ಲಿ ದುಡಿದವರಿಗೆ ಗೊತ್ತುಪಡಿಸಿದ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ಏಕೆಂದು ಕೇಳಿದರೆ, ದಾಖಲೆಯ ಪ್ರಕಾರ ನೀವು ಅಷ್ಟು ಕೆಲಸವನ್ನೇ ಮಾಡಿಲ್ಲ ಎಂಬ ಉತ್ತರ. ದಾಖಲೆ ತೋರಿಸಿ ಎಂದರೆ, ಅದು ಗೋಪ್ಯ. 1990ರಲ್ಲಿ ಅರುಣಾ ರಾಯ್ ಮತ್ತು ಅವರ ಜೊತೆಗಾರರು ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಈ ‘ಗೋಪ್ಯ’ವೆಂಬ ಗೋಡೆಗೆ ಕೈಹಚ್ಚಿತು. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲನೆಯ ‘ಜನಸುನ್‌ವಾಯಿ’ ನಡೆಯಿತು. ಹೇಗೋ ದೊರಕಿಸಿಕೊಂಡ ಹಾಜರಿಪಟ್ಟಿಗಳನ್ನೂ ರಸೀತಿಗಳನ್ನೂ ಊರವರ ಮುಂದೆ ಗಟ್ಟಿಯಾಗಿ ಓದುವುದು, ಇದು ನಿಜವೇ ಎಂದು ಕೇಳುವುದು—ವಿಧಾನ ಇಷ್ಟೇ. ಇಂಥ ಸಭೆಗಳಲ್ಲಿ ಸತ್ತವರೂ ಊರು ಬಿಟ್ಟವರೂ ಕೂಲಿ ಪಡೆದಿದ್ದಾರೆಂಬುದು ಹೊರಬಿದ್ದಿತು. ಮುಗಿಯದ ಕಟ್ಟಡಗಳು ಕಾಗದದ ಮೇಲೆ ಮುಗಿದು ನಿಂತಿದ್ದವು. ಕೂಲಿಯೊಬ್ಬ ಎದ್ದು ‘ನಾನು ಅಲ್ಲಿ ಕೆಲಸವನ್ನೇ ಮಾಡಲಿಲ್ಲ’ ಎಂದರೆ ಯಾವ ಪರಿಶೋಧಕನ ಟಿಪ್ಪಣಿಗೂ ಇಲ್ಲದ ಬಲ ಆ ಒಂದು ಮಾತಿಗೆ.

1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ನಡೆಯಿತು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬುದು ಆ ಚಳವಳಿಯ ಘೋಷಣೆಯಾಯಿತು. ಅನುದಾನವೆಂಬ ಮಾತಿನ ಕಳೆದುಹೋದ ದಿಕ್ಕನ್ನು ನಾಲ್ಕೇ ಪದಗಳಲ್ಲಿ ಮರಳಿ ತಂದ ಭಾಷ್ಯವಿದು. ಮುಂದೆ ರಾಜಸ್ಥಾನ, ಕರ್ನಾಟಕ ಮೊದಲಾದ ರಾಜ್ಯಗಳು 2000ದ ವೇಳೆಗೆ ಮಾಹಿತಿ ಹಕ್ಕಿನ ಶಾಸನಗಳನ್ನು ಮಾಡಿದವು; 2005ರಲ್ಲಿ ಕೇಂದ್ರದ ಕಾಯಿದೆ ಬಂದಿತು. ಅದೇ ವರ್ಷದ ಉದ್ಯೋಗ ಖಾತರಿ ಕಾಯಿದೆ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತು. ನಾರದನ ಪ್ರಶ್ನೆ ಕೊನೆಗೂ ತೆರಿಗೆ ತೆತ್ತವನ ಬಾಯಿಗೆ ಬಂದಿತು.

ಬಂದ ಪ್ರಶ್ನೆ ಬಾಯಲ್ಲಿ ನಿಂತಿದೆಯೇ ಎಂಬುದು ನಮ್ಮ ಮುಂದಿರುವ ಚಿಂತೆ. ಹಣಕಾಸಿನ ಸುಧಾರಣೆ ಎಂದೊಡನೆ ಆಯವ್ಯಯ ಮಂಡಿಸುವ ದಿನಾಂಕ, ಗಂಟೆ, ವಿಭಾಗಗಳ ಮಾತು ಬರುತ್ತದೆ. ಸಂಜೆ ಐದಕ್ಕೆ ಮಂಡಿಸುತ್ತಿದ್ದುದು 1999ರಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬಂದಿತು. 2017ರಲ್ಲಿ ರೈಲ್ವೆಯ ಪ್ರತ್ಯೇಕ ಆಯವ್ಯಯ ಮುಖ್ಯ ಆಯವ್ಯಯದಲ್ಲಿ ಸೇರಿಹೋಯಿತು. ಇವು ಬೇಡವೆನ್ನುವುದಿಲ್ಲ. ಆದರೆ ಇವೆಲ್ಲ ಮಂಡಿಸುವವರ ಕಡೆಯ ಸುಧಾರಣೆಗಳು. ಕೇಳುವವರ ಕಡೆಯದು ಇನ್ನೂ ಬಾಕಿಯಿದೆ. ಗ್ರಾಮಸಭೆ ಸಹಿಗಳ ಪುಸ್ತಕದಲ್ಲಿ ನಡೆದು ಮುಗಿಯದೆ ಅರಳಿಕಟ್ಟೆಯ ಮುಂದೆ ನಡೆಯಬೇಕು. ‘ಲೆಕ್ಕಶೀರ್ಷಿಕೆ’, ‘ಪುನರ್‌ವಿನಿಯೋಗ’, ‘ಪೂರಕ ಅಂದಾಜು’ ಎಂಬ ಮಾತುಗಳ ಕಾಡಿನಿಂದ ಲೆಕ್ಕವನ್ನು ಹೊರತಂದು, ಇಷ್ಟು ಬಂತು, ಇಷ್ಟು ಹೋಯಿತು, ಇಂಥವರಿಗೆ ಹೋಯಿತು ಎಂದು ತಿಳಿಗನ್ನಡದಲ್ಲಿ ಓದಿಹೇಳಬೇಕು. ಕನ್ನಡ ಕಲಿತವರಿಗೂ ಕಲಿಸುವವರಿಗೂ ಇದಕ್ಕಿಂತ ಯೋಗ್ಯವಾದ ಭಾಷಾಸೇವೆ ಯಾವುದಿದ್ದೀತು?

ಸೋಪು ಕೊಂಡವಳೂ ಚಪ್ಪಲಿ ಕೊಂಡವನೂ ತೆರಿಗೆ ತೆತ್ತವರೇ. ತಂಗುದಾಣದ ಬರಹವನ್ನು ಅಳಿಸಬೇಕಾಗಿಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿದರೆ ಸಾಕು: ‘ಕೊಟ್ಟವರು ನೀವು, ತಗುಲಿದ ವೆಚ್ಚ ಇಷ್ಟು.’ ಆ ಸಾಲನ್ನು ಓದಿದ ಮಗು ನಾಳೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವಾಗ ಕೈಮುಗಿದು ನಿಲ್ಲುವುದಿಲ್ಲ. ಲೆಕ್ಕ ಕೇಳಲು ನಿಲ್ಲುತ್ತದೆ.