ದುಡ್ಡು ನಿಮ್ಮದು, ವಸ್ತು ಯಾರದ್ದು?

2025ರ ಫೆಬ್ರವರಿ 28. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮಧ್ಯಾಹ್ನ 12 ಗಂಟೆ, ನಮ್ಮಲ್ಲಿ ನಡುರಾತ್ರಿ ಒಂದೂವರೆ. ಆ ಹೊತ್ತಿಗೆ ಸರಿಯಾಗಿ ಒಂದು ಗ್ಯಾಜೆಟ್ ಕೆಲಸ ನಿಲ್ಲಿಸಿತು. ಅದು ಕೆಳಗೆ ಬಿದ್ದು ಒಡೆದಿರಲಿಲ್ಲ, ನೀರಿಗೂ ಬಿದ್ದಿರಲಿಲ್ಲ, ಬ್ಯಾಟರಿಯೂ ಚೆನ್ನಾಗೇ ಇತ್ತು. ಕಂಪನಿ ತನ್ನ ಸರ್ವರ್ ಬಂದ್ ಮಾಡ್ತು, ಅಷ್ಟೇ. ಆ ವಸ್ತು ಎಲ್ಲೆಲ್ಲಿ ಇತ್ತೋ ಅಲ್ಲಲ್ಲೇ ಮೂಕವಾಯ್ತು.

ಅದರ ಹೆಸರು ಹ್ಯೂಮೇನ್ ಎಐ ಪಿನ್. 2024ರ ಏಪ್ರಿಲ್‌ನಲ್ಲಿ ಗ್ರಾಹಕರ ಕೈ ಸೇರಿದ್ದು. ಆಪಲ್ ಕಂಪನಿಯಲ್ಲಿ ದುಡಿದು ಹೊರಬಂದ ಇಮ್ರಾನ್ ಚೌಧರಿ ಮತ್ತು ಬೆಥನಿ ಬೊಂಜೋರ್ನೊ ದಂಪತಿ ಕಟ್ಟಿದ ಕಂಪನಿ ಅದು. ಅಂಗಿಗೆ ಸಿಕ್ಕಿಸಿಕೊಳ್ಳೋ ಒಂದು ಬಿಲ್ಲೆ. ಸ್ಕ್ರೀನ್ ಇಲ್ಲ. ಅದರ ಜೊತೆ ಮಾತಾಡಬೇಕು, ಅದು ಉತ್ತರ ಹೇಳುತ್ತೆ. ಅಂಗೈ ಒಡ್ಡಿದ್ರೆ ಲೇಸರ್ ಬೆಳಕಿನಲ್ಲಿ ಅಕ್ಷರ ಮೂಡಿಸುತ್ತೆ. ಮೊಬೈಲ್‌ನ ಕಾಲ ಮುಗೀತು ಅನ್ನೋ ಮಟ್ಟಕ್ಕೆ ಪ್ರಚಾರ ಆಗಿತ್ತು. ಬೆಲೆ 699 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 60 ಸಾವಿರ ರೂಪಾಯಿ. ಅದರ ಮೇಲೆ ತಿಂಗಳಿಗೆ 24 ಡಾಲರ್, ಅಂದ್ರೆ ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ ಬಾಡಿಗೆ.

ವಿಮರ್ಶಕರು ಮೊದಲ ವಾರವೇ ತರಾಟೆಗೆ ತಗೊಂಡ್ರು. ಬಿಸಿಯಾಗುತ್ತೆ, ತಡವಾಗಿ ಉತ್ತರ ಕೊಡುತ್ತೆ, ತಪ್ಪು ಉತ್ತರ ಕೊಡುತ್ತೆ. ವರ್ಷ ತುಂಬೋದ್ರೊಳಗೆ ಕಂಪನಿ ಕೈಚೆಲ್ಲಿತು. ಅದರ ಸಾಫ್ಟ್‌ವೇರ್, ಪೇಟೆಂಟ್, ಇಂಜಿನಿಯರ್‌ಗಳನ್ನು ಎಚ್‌ಪಿ 116 ಮಿಲಿಯನ್ ಡಾಲರಿಗೆ, ಅಂದ್ರೆ ಸುಮಾರು ಒಂದು ಸಾವಿರ ಕೋಟಿ ರೂಪಾಯಿಗೆ ತಗೊಂಡಿದೆ. ಪಿನ್ ಮಾತ್ರ ಎಚ್‌ಪಿಗೆ ಬೇಕಿರಲಿಲ್ಲ. ಕೊಂಡ ಗ್ರಾಹಕರ ಗತಿ? 90 ದಿನದ ವಾಪಸಾತಿ ಅವಧಿಯೊಳಗೆ ಇದ್ದವರಿಗೆ ಮಾತ್ರ ದುಡ್ಡು ವಾಪಸ್. ಮೊದಲೇ ನಂಬಿ ಕೊಂಡವರಿಗೆ ಏನೂ ಇಲ್ಲ. ಸರ್ವರ್ ಬಂದ್ ಆದ ಮೇಲೂ ಪಿನ್‌ನಲ್ಲಿ ಏನು ಕೆಲಸ ಮಾಡುತ್ತೆ ಅಂತ ಕಂಪನಿ ತಿಳಿಸಿತ್ತು. ಉದಾಹರಣೆಗೆ, ಬ್ಯಾಟರಿ ಎಷ್ಟಿದೆ ಅಂತ ಕೇಳಬಹುದಂತೆ! ಏನೂ ಮಾಡದ ಯಂತ್ರದಲ್ಲಿ ಬ್ಯಾಟರಿ ಎಷ್ಟಿದ್ರೆ ಏನು?

ಇದು ನಮ್ಮ ಅಂಗಡಿಗಳಿಗೆ ಬಂದ ವಸ್ತು ಅಲ್ಲ, ನಮಗ್ಯಾಕೆ ಬಿಡಿ ಅನ್ನಿಸಬಹುದು. ಆದ್ರೆ ಸ್ವಲ್ಪ ನಿಲ್ಲಿ. ಇದು ಒಂದು ಕಂಪನಿ ಮುಳುಗಿದ ಕಥೆ ಮಾತ್ರ ಅಲ್ಲ. ಆ ಒಂದು ವರ್ಷದ ಗ್ಯಾಜೆಟ್ ಸುದ್ದಿಗಳನ್ನು ಸಾಲಾಗಿ ಇಟ್ಟು ನೋಡಿದ್ರೆ ಇದೇ ಕಥೆ ಮತ್ತೆ ಮತ್ತೆ ಕಾಣುತ್ತೆ.

2024ರ ಡಿಸೆಂಬರ್‌ನಲ್ಲಿ ಮೋಕ್ಸಿ ಅನ್ನೋ ರೋಬೋ ಸುದ್ದಿಯಾಯ್ತು. 5ರಿಂದ 10 ವರ್ಷದ ಮಕ್ಕಳ ಜೊತೆ ಮಾತಾಡೋ, ಅವರಿಗೆ ನಡೆನುಡಿ ಕಲಿಸೋ ರೋಬೋ. ಬೆಲೆ 799 ಡಾಲರ್, ಹತ್ತಿರ ಹತ್ತಿರ 70 ಸಾವಿರ ರೂಪಾಯಿ. ಬರಬೇಕಿದ್ದ ಬಂಡವಾಳ ಕೊನೇ ಗಳಿಗೆಯಲ್ಲಿ ಕೈತಪ್ಪಿತು, ಬಾಗಿಲು ಹಾಕ್ತಿದ್ದೇವೆ ಅಂತ ಕಂಪನಿ ಹೇಳಿತು. ಮೋಕ್ಸಿಯ ಬುದ್ಧಿಯೆಲ್ಲ ಸರ್ವರ್‌ನಲ್ಲಿ ಇದ್ದಿದ್ದರಿಂದ ಅದೂ ಮೂಕವಾಗಬೇಕಿತ್ತು. ಮಕ್ಕಳಿಗೆ ಈ ವಿಷಯ ಹೇಗೆ ತಿಳಿಸಬೇಕು ಅಂತ ಪೋಷಕರಿಗೆ ಕಂಪನಿ ಒಂದು ಪತ್ರವನ್ನೂ ಕಳಿಸಿತು. ತಮ್ಮ ಗೆಳೆಯ ಇನ್ಮೇಲೆ ಮಾತಾಡಲ್ಲ ಅಂತ ಗೊತ್ತಾಗಿ ಅಳೋ ಮಕ್ಕಳ ವಿಡಿಯೋಗಳನ್ನು ಜಗತ್ತೇ ನೋಡ್ತು.

ಅದೇ ತಿಂಗಳ 9ನೇ ತಾರೀಖು ಸ್ಪಾಟಿಫೈ ಕಂಪನಿಯ ಕಾರ್ ಥಿಂಗ್ ನಿಂತುಹೋಯ್ತು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಹಾಡು ಬದಲಾಯಿಸೋ ಪುಟ್ಟ ಸಾಧನ. 2022ರಲ್ಲಿ 90 ಡಾಲರಿಗೆ ಮಾರಿದ್ರು. ಇಲ್ಲಿ ಕಂಪನಿ ಮುಳುಗಿರಲಿಲ್ಲ, ಈಗಲೂ ಚೆನ್ನಾಗೇ ನಡೀತಿದೆ. ಈ ವಸ್ತು ಬೇಡ ಅನ್ನಿಸ್ತು, ನಿಲ್ಲಿಸಿದ್ರು. ಜನ ಗಲಾಟೆ ಮಾಡಿದ ಮೇಲೆ, ರಸೀದಿ ತೋರಿಸಿದವರಿಗೆ ದುಡ್ಡು ವಾಪಸ್ ಕೊಡ್ತೀವಿ ಅಂದ್ರು.

ಹಾಗಾದ್ರೆ ಇದೆಲ್ಲ ಯಾಕೆ ಹೀಗೆ? ನಮ್ಮ ಹಳೇ ಮಿಕ್ಸಿ, ಹಳೇ ರೇಡಿಯೋ ಮಾಡಿದ ಕಂಪನಿ ಇದೆಯೋ ಮುಚ್ಚಿಹೋಗಿದೆಯೋ ನಮಗೆ ಗೊತ್ತೂ ಇರಲ್ಲ, ಅವು ಓಡ್ತಾನೇ ಇರುತ್ತವೆ. ಹೊಸ ವಸ್ತುಗಳಿಗೆ ಮಾತ್ರ ಏನಾಗಿದೆ?

ಉತ್ತರ ಸರಳ. ಹಳೇ ವಸ್ತುವಿನ ಕೆಲಸ ಆ ವಸ್ತುವಿನ ಒಳಗೇ ನಡೀತಿತ್ತು. ಹೊಸ ವಸ್ತುವಿನ ಕೆಲಸ ಬೇರೆಲ್ಲೋ ನಡೆಯುತ್ತೆ. ಎಐ ಪಿನ್ ತಗೊಳ್ಳಿ. ಅದರಲ್ಲಿ ಇದ್ದಿದ್ದು ಒಂದು ಮೈಕು, ಒಂದು ಕ್ಯಾಮೆರಾ, ಒಂದು ಸ್ಪೀಕರು, ಒಂದು ಸಿಮ್. ನೀವು ಕೇಳಿದ ಪ್ರಶ್ನೆಯನ್ನು ಅದು ಇಂಟರ್ನೆಟ್ ಮೂಲಕ ದೊಡ್ಡ ಕಂಪ್ಯೂಟರಿಗೆ ಕಳಿಸುತ್ತೆ. ಯೋಚನೆ ಮಾಡೋದು ಆ ಕಂಪ್ಯೂಟರ್. ಉತ್ತರ ವಾಪಸ್ ಬರುತ್ತೆ, ಪಿನ್ ಓದಿ ಹೇಳುತ್ತೆ. ಆ ದೊಡ್ಡ ಕಂಪ್ಯೂಟರಿಗೇ ಸರ್ವರ್ ಅನ್ನೋದು. ಕರೆಂಟು, ಜಾಗ, ಸಿಬ್ಬಂದಿ, ಎಲ್ಲದಕ್ಕೂ ಪ್ರತಿ ದಿನ ಖರ್ಚು. ಸಾಧನ ಮಾರಿ ಬಂದ ದುಡ್ಡು ಒಂದೇ ಸಲ ಬರುತ್ತೆ, ಸರ್ವರ್ ಖರ್ಚು ಮಾತ್ರ ನಿಲ್ಲೋದೇ ಇಲ್ಲ. ಲೆಕ್ಕ ಕೂಡದ ದಿನ ಸ್ವಿಚ್ ಆಫ್.

ಟಿವಿ ನೋಡೋ ನಿಮಗೆ ಇದನ್ನು ಅರ್ಥ ಮಾಡಿಸೋದು ಕಷ್ಟ ಅಲ್ಲ. ನಿಮ್ಮ ಮನೆಯ ಸೆಟ್ ಟಾಪ್ ಬಾಕ್ಸ್ ಇದೆಯಲ್ಲ? ಬಾಕ್ಸ್ ನಿಮ್ಮ ಮನೇಲೇ ಇದೆ. ರಿಚಾರ್ಜ್ ಮುಗಿದ ದಿನ ಏನು ಬರುತ್ತೆ? ಈಗ ಯೋಚನೆ ಮಾಡಿ, ರಿಚಾರ್ಜ್ ಮಾಡ್ತೀನಿ ಅಂದ್ರೂ ಮಾಡಿಸ್ಕೊಳ್ಳೋಕೆ ಕಂಪನಿಯೇ ಇಲ್ಲ ಅಂದ್ರೆ? ಎಐ ಪಿನ್ ಕೊಂಡವರಿಗೆ ಆಗಿದ್ದು ಅದೇ.

ಇನ್ನು ಗೇಮ್‌ಗಳ ವಿಷಯಕ್ಕೆ ಬರೋಣ. ಮನೇಲಿ ಮಕ್ಕಳಿದ್ರೆ ಈ ಭಾಗ ಇನ್ನೂ ಮುಖ್ಯ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡ್ತಿದ್ದ ವಿಡಿಯೋ ಗೇಮ್ ನೆನಪಿರಬೇಕು. ಮಾರಿಯೋ, ಕಾಂಟ್ರಾ. ಕ್ಯಾಸೆಟ್ ಹಾಕೋದು, ಬರದಿದ್ರೆ ತೆಗೆದು ಉಫ್ ಅಂತ ಊದಿ ಮತ್ತೆ ಹಾಕೋದು. ಆ ಕ್ಯಾಸೆಟ್ ನಿಮ್ಮದು. ಗೆಳೆಯನಿಗೆ ಕೊಡಬಹುದು, ಅವನ ಹತ್ತಿರ ಇರೋದನ್ನು ತರಬಹುದು, ಬೇಡ ಅಂದ್ರೆ ಮಾರಬಹುದು. ಆಮೇಲೆ ಡಿಸ್ಕ್ ಬಂತು, ಅಲ್ಲೂ ಇದೇ ವ್ಯವಸ್ಥೆ ಇತ್ತು. ಈಗ ಡಿಸ್ಕೂ ಹೋಗ್ತಾ ಇದೆ.

2024ರ ನವೆಂಬರ್ 7ಕ್ಕೆ ಸೋನಿ ತನ್ನ ಪ್ಲೇಸ್ಟೇಷನ್ 5 ಪ್ರೊ ಬಿಡುಗಡೆ ಮಾಡಿತು. ಆಗಿನ ಬೆಲೆ 699.99 ಡಾಲರ್. ಇಷ್ಟು ದುಡ್ಡು ಕೊಟ್ರೂ ಅದರಲ್ಲಿ ಡಿಸ್ಕ್ ಹಾಕೋ ಜಾಗವೇ ಇಲ್ಲ! ಡಿಸ್ಕ್ ಡ್ರೈವ್ ಬೇಕಾದ್ರೆ ಬೇರೆ 80 ಡಾಲರ್ ಕೊಟ್ಟು ತಗೊಳ್ಳಬೇಕಿತ್ತು. ಭಾರತದಲ್ಲಿ ಅದು ಆಗ ಬಿಡುಗಡೆಯೇ ಆಗಲಿಲ್ಲ, ಅದರ ವೈಫೈ ಬಳಸೋ 6 ಗಿಗಾಹರ್ಟ್ಸ್ ತರಂಗಕ್ಕೆ ನಮ್ಮಲ್ಲಿ ಆಗ ಅನುಮತಿ ಇರಲಿಲ್ಲ. ಆ ಮಾತು ಬಿಡಿ. ವ್ಯಾಪಾರ ಯಾವ ಕಡೆ ಹೊರಟಿದೆ ನೋಡಿ. ಡಿಸ್ಕ್ ಇಲ್ಲ ಅಂದ್ರೆ ಗೆಳೆಯನ ಹತ್ತಿರ ತರೋ ಹಾಗಿಲ್ಲ, ಆಡಿ ಮುಗಿಸಿ ಮಾರೋ ಹಾಗಿಲ್ಲ. ಕಂಪನಿಯ ಆನ್‌ಲೈನ್ ಅಂಗಡಿಯೊಂದೇ ಗತಿ.

ಆನ್‌ಲೈನ್ ಆಟ ಎಷ್ಟು ಭದ್ರ? ದಿ ಕ್ರ್ಯೂ ಅನ್ನೋ ಕಾರ್ ರೇಸಿಂಗ್ ಆಟದ ಕಥೆ ಕೇಳಿ. ಫ್ರಾನ್ಸ್‌ನ ಯುಬಿಸಾಫ್ಟ್ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ್ದು. ಇಡೀ ಅಮೆರಿಕವನ್ನು ಚಿಕ್ಕದು ಮಾಡಿ ಒಂದು ಆಟದೊಳಗೆ ಇಟ್ಟಿದ್ರು. ಒಬ್ಬರೇ ಕೂತು ಆಡಿದ್ರೂ ಸರ್ವರ್ ಸಂಪರ್ಕ ಬೇಕೇ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದ್ರು. ದುಡ್ಡು ಕೊಟ್ಟು ಡಿಸ್ಕ್ ತಂದಿಟ್ಟವರ ಮನೇಲೂ ಆಟ ನಿಂತಿತು, ಡಿಸ್ಕ್ ಇದ್ದೂ ಇಲ್ಲದ ಹಾಗೆ. ಇಬ್ಬರು ಆಟಗಾರರು ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೆ ಹೋದ್ರು. ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಂತ ಚಳವಳಿ ಶುರು ಮಾಡಿದ್ರು. ಅವರ ಬೇಡಿಕೆ ಅತಿಯಾಗಿಲ್ಲ. ಸರ್ವರ್ ಶಾಶ್ವತವಾಗಿ ನಡೆಸಿ ಅಂತ ಅವರು ಕೇಳ್ತಿಲ್ಲ. ಮುಚ್ಚೋ ಮೊದಲು, ಕೊಂಡವರು ತಮ್ಮ ಪಾಡಿಗೆ ಆಡೋ ಹಾಗೆ ಮಾಡಿಕೊಟ್ಟು ಹೋಗಿ ಅಂತಾರೆ. ಯುರೋಪಿಯನ್ ಒಕ್ಕೂಟಕ್ಕೆ ಕೊಡೋ ಮನವಿಗೆ ಒಂದು ವರ್ಷದಲ್ಲಿ 10 ಲಕ್ಷ ಸಹಿ ಬೇಕಿತ್ತು, 2025ರ ಜುಲೈವರೆಗೆ ಸಂಗ್ರಹ ನಡೀತು.

ನ್ಯಾಯವಾಗಿ ನಡೆದುಕೊಂಡ ಉದಾಹರಣೆಯೂ ಇದೆ, ಅದನ್ನೂ ಹೇಳಬೇಕು. ಸೋನಿಯ ಕಾನ್‌ಕಾರ್ಡ್ ಅನ್ನೋ ಆಟ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ನಿಂತಿತು. ಎರಡೇ ವಾರ! ಆದ್ರೆ ಕೊಂಡವರಿಗೆಲ್ಲ ಸೋನಿ ಪೂರ್ತಿ ದುಡ್ಡು ವಾಪಸ್ ಕೊಟ್ಟಿತು.

ಈಗ ಕಾನೂನು ಏನು ಹೇಳುತ್ತೆ? ನೀವು ಆನ್‌ಲೈನ್‌ನಲ್ಲಿ 'ಬೈ' ಅನ್ನೋ ಬಟನ್ ಒತ್ತಿದಾಗ ನಿಮಗೆ ಸಿಗೋದು ವಸ್ತು ಅಲ್ಲ, ಲೈಸೆನ್ಸ್. ಬಳಸೋಕೆ ಒಂದು ಅನುಮತಿ. ಉದ್ದುದ್ದ ಷರತ್ತುಗಳ ಕೆಳಗೆ 'ಒಪ್ಪಿದ್ದೇನೆ' ಅಂತ ನಾವೇ ಟಿಕ್ ಹಾಕಿರ್ತೀವಿ. ಯಾರು ಓದ್ತಾರೆ ಅದನ್ನ? ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೊಂದು ಕಾನೂನು ತಂದಿದೆ. 2025ರ ಜನವರಿ 1ರಿಂದ ಜಾರಿ. ನೀವು ಮಾರ್ತಿರೋದು ಲೈಸೆನ್ಸ್ ಮಾತ್ರ ಅಂತಾದ್ರೆ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಿ, ಸುಮ್ಮನೆ 'ಬೈ' ಅಂತ ಬರೆಯೋ ಹಾಗಿಲ್ಲ ಅನ್ನುತ್ತೆ. ಕಂಪ್ಯೂಟರ್ ಗೇಮ್‌ಗಳ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್ ಅದಕ್ಕೂ ಮುಂಚೆ, 2024ರ ಅಕ್ಟೋಬರ್‌ನಲ್ಲೇ, ದುಡ್ಡು ಕಟ್ಟೋ ಪುಟದಲ್ಲಿ ಈ ಸಾಲು ಹಾಕಿತು. ಈ ಕಾನೂನಿನಿಂದ ಆಟ ಉಳಿಯಲ್ಲ. ಸತ್ಯವಾದ್ರೂ ಗೊತ್ತಾಗುತ್ತೆ.

ಪುಸ್ತಕ ಓದುವವರೂ ಇದರಿಂದ ಹೊರಗಿಲ್ಲ. 2025ರ ಫೆಬ್ರವರಿ 26ಕ್ಕೆ ಅಮೆಜಾನ್ ಒಂದು ಸೌಲಭ್ಯ ತೆಗೆದುಹಾಕಿತು. ಕೊಂಡ ಕಿಂಡಲ್ ಪುಸ್ತಕವನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಕಿಂಡಲ್‌ಗೆ ಹಾಕಿಕೊಳ್ಳೋ ಸೌಲಭ್ಯ. 2009ರಲ್ಲಿ ಇದೇ ಅಮೆಜಾನ್, ಮಾರಿದ ಪುಸ್ತಕಗಳನ್ನು ಗ್ರಾಹಕರ ಕಿಂಡಲ್‌ನಿಂದ ದೂರದಿಂದಲೇ ಅಳಿಸಿತ್ತು. ಆ ಪ್ರತಿಗಳನ್ನು ಅಂಗಡಿಗೆ ಸೇರಿಸಿದವರಿಗೆ ಹಕ್ಕೇ ಇರಲಿಲ್ಲ ಅನ್ನೋದು ಕಾರಣ. ಅಳಿಸಿದ್ದು ಯಾವ ಪುಸ್ತಕ ಗೊತ್ತಾ? ಜಾರ್ಜ್ ಆರ್ವೆಲ್ ಬರೆದ '1984' ಮತ್ತು 'ಅನಿಮಲ್ ಫಾರ್ಮ್'. ಆಮೇಲೆ ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದ್ರು.

ಕಂಪನಿಗಳ ಮಾತಲ್ಲೂ ನ್ಯಾಯ ಇದೆ ಅನ್ನಿ. ಹತ್ತು ಜನ ಬಳಸೋ ವಸ್ತುವಿಗೆ ಕೋಟಿ ಖರ್ಚು ಮಾಡಿ ಸರ್ವರ್ ನಡೆಸೋಕೆ ಯಾರಿಗೂ ಆಗಲ್ಲ. ಆದ್ರೆ ಮುಚ್ಚೋದಕ್ಕೂ ಒಂದು ರೀತಿ ಇದೆ. ಪೆಬಲ್ ಅನ್ನೋ ಸ್ಮಾರ್ಟ್‌ವಾಚ್ ಕಂಪನಿ 2016ರಲ್ಲೇ ಮುಚ್ಚಿತು. ಅದರ ಅಭಿಮಾನಿಗಳೇ ಸೇರಿ ಬದಲಿ ಸರ್ವರ್ ಕಟ್ಟಿದ್ರು, ಗಡಿಯಾರಗಳು ಓಡ್ತಾ ಉಳಿದವು. 2025ರ ಜನವರಿಯಲ್ಲಿ ಗೂಗಲ್ ಆ ವಾಚಿನ ಸಾಫ್ಟ್‌ವೇರ್ ಅನ್ನೇ ಎಲ್ಲರಿಗೂ ತೆರೆದಿಟ್ಟಿತು. ಮೋಕ್ಸಿ ಕಂಪನಿ ಕೂಡ ಕೊನೆಗೆ, ಮನೆಯ ಕಂಪ್ಯೂಟರಿನಿಂದಲೇ ರೋಬೋ ನಡೆಸೋ ಸಾಫ್ಟ್‌ವೇರ್ ಕೊಡೋಕೆ ಮುಂದೆ ಬಂತು. ದಿ ಕ್ರ್ಯೂ ಗಲಾಟೆ ಆದ ಮೇಲೆ, ಆ ಸರಣಿಯ ಮುಂದಿನ ಆಟಗಳಿಗೆ ಇಂಟರ್ನೆಟ್ ಇಲ್ಲದೆ ಆಡೋ ವ್ಯವಸ್ಥೆ ಕೊಡ್ತೀವಿ ಅಂತ ಯುಬಿಸಾಫ್ಟ್ ಹೇಳಿತು. ಅಂದ್ರೆ ಮನಸ್ಸಿದ್ರೆ ಆಗುತ್ತೆ. ಜನ ಕೇಳಿದ್ರೆ ಆ ಮನಸ್ಸೂ ಬರುತ್ತೆ.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ? ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಶುರು ಮಾಡಿದೆ. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕಕ್ಕೆ ಸಂಬಂಧಿಸಿ ರಿಪೇರಿ ಮಾಹಿತಿ ಗ್ರಾಹಕರಿಗೆ ಸಿಗಲಿ ಅನ್ನೋ ಉದ್ದೇಶ. ಒಳ್ಳೇದೇ. ಆದ್ರೆ ಅಲ್ಲಿ ಮಾತೆಲ್ಲ ಬಿಡಿಭಾಗದ್ದು, ವಾರಂಟಿಯದ್ದು. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋದ್ರೆ ಒಡೆದ ಡಿಸ್‌ಪ್ಲೇ ಬದಲಾಯಿಸೋರು ಸಿಗ್ತಾರೆ, ಸುಟ್ಟ ಬೋರ್ಡ್ ಸರಿ ಮಾಡೋರೂ ಸಿಗ್ತಾರೆ. ಅಮೆರಿಕದಲ್ಲಿ ಬಂದ್ ಆದ ಸರ್ವರ್ ರಿಪೇರಿ ಮಾಡೋ ಮೆಕ್ಯಾನಿಕ್ ಎಸ್‌.ಪಿ. ರೋಡ್‌ನಲ್ಲೂ ಇಲ್ಲ. ಮಾರುವಾಗ 'ಈ ವಸ್ತು ಇಷ್ಟು ವರ್ಷ ನಡೆಯುತ್ತೆ' ಅಂತ ಪೊಟ್ಟಣದ ಮೇಲೆ ಬರೀಬೇಕು ಅನ್ನೋ ನಿಯಮ ನಮಗೂ ಬೇಕು. ಬಿಸ್ಕತ್ತಿನ ಪೊಟ್ಟಣಕ್ಕೇ ಕೊನೇ ದಿನಾಂಕ ಇರುವಾಗ 60 ಸಾವಿರದ ವಸ್ತುವಿಗೆ ಯಾಕಿರಬಾರದು?

ಅಲ್ಲಿವರೆಗೆ ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಕ್ಯಾಮೆರಾ ಇರಲಿ, ವಾಚ್ ಇರಲಿ, ಮಕ್ಕಳ ಆಟಿಕೆ ಇರಲಿ. ಒಂದು, ಇಂಟರ್ನೆಟ್ ಇಲ್ಲದಿದ್ರೆ ಇದು ಏನೇನು ಮಾಡುತ್ತೆ? ಸಾಧ್ಯ ಆದ್ರೆ ಅಲ್ಲೇ ವೈಫೈ ಆಫ್ ಮಾಡಿಸಿ ನೋಡಿ. ಎರಡು, ತಿಂಗಳ ಬಾಡಿಗೆ ಇದೆಯಾ, ಕಟ್ಟದಿದ್ರೆ ಯಾವುದು ನಿಲ್ಲುತ್ತೆ? ಮೂರು, ಎಷ್ಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡ್ತಾರೆ? ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ, ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ 7 ವರ್ಷ ಅಂತ ಘೋಷಣೆ ಮಾಡಿವೆ. ಕೇಳಿದ್ರೆ ಉತ್ತರ ಸಿಗುತ್ತೆ ಅಂತಾಯ್ತು. ನಾಲ್ಕು, ನನ್ನ ಫೋಟೋ, ವಿಡಿಯೋಗಳನ್ನು ಹೊರಗೆ ತಕ್ಕೊಳ್ಳೋಕೆ ಆಗುತ್ತಾ? ಬಿಲ್ ಎತ್ತಿಡಿ, ಸ್ಪಾಟಿಫೈನವರು ದುಡ್ಡು ಕೊಟ್ಟಿದ್ದು ರಸೀದಿ ಇದ್ದವರಿಗೆ. ಮೋಸ ಆಯ್ತು ಅನ್ನಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಹೊಸ ವಸ್ತು ಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ಬಾಡಿಗೆ ಮನೆಯಲ್ಲೂ ಸುಖವಾಗಿ ಇರಬಹುದು. ಆದ್ರೆ ಅದು ಬಾಡಿಗೆ ಮನೆ ಅಂತ ನಮಗೆ ಗೊತ್ತಿರುತ್ತೆ, ಬಾಡಿಗೆಯನ್ನೇ ಕೊಡ್ತೀವಿ, ಸೈಟಿನ ದರ ಕೊಡಲ್ಲ. ಗ್ಯಾಜೆಟ್ ಅಂಗಡಿಯಲ್ಲಿ ಈಗ ನಡೀತಿರೋದು ಏನು? ಕೊಳ್ಳೋ ಬೆಲೆಯನ್ನೂ ತಗೊಳ್ತಾರೆ, ಬಾಡಿಗೆಯನ್ನೂ ತಗೊಳ್ತಾರೆ, ಯಾವತ್ತು ಬೇಕಾದ್ರೂ ಖಾಲಿ ಮಾಡಿ ಅಂತಾರೆ. ಇದನ್ನು ಒಪ್ಪೋ ಮೊದಲು ಒಂದು ಮಾತು ಕೇಳಿ: ಸ್ವಾಮಿ, ಇದು ಮಾರಾಟವೋ, ಬಾಡಿಗೆಯೋ?