ಗರ್ಭದ ವಯಸ್ಸನ್ನು ಹೇಳುವ ಪ್ರತಿಧ್ವನಿ

ಗರ್ಭಕ್ಕೆ ಎಷ್ಟು ವಾರ ತುಂಬಿತೆಂಬುದನ್ನು ವೈದ್ಯರು ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವರು. ಹೆರಿಗೆಗೆ ಅಲ್ಲಿಂದ 280 ದಿನಗಳೆಂದು ಲೆಕ್ಕ. ತಾಯಿಗೆ ಆ ದಿನವೇ ನೆನಪಿಲ್ಲದಿದ್ದರೆ? ಆಗ ಭೌತವಿಜ್ಞಾನವು ನೆರವಿಗೆ ಬರುತ್ತದೆ.

ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯ ತರಂಗಗಳು ದೇಹದ ಮೃದು ಅಂಗಾಂಶಗಳಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರು ಸಾಗಿ, ಭ್ರೂಣಕ್ಕೆ ತಾಗಿ ಮರಳುವುವು. ಹೋಗಿಬರಲು 100 ಮೈಕ್ರೊಸೆಕೆಂಡು ಹಿಡಿದರೆ, ದೂರ 7.7 ಸೆಂಟಿಮೀಟರು. ಇಂತಹ ಪ್ರತಿಧ್ವನಿಗಳಿಂದ ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದವನ್ನು ಅಳೆಯುವ ಕ್ರಮವನ್ನು 1973ರಲ್ಲಿ ಗ್ಲಾಸ್ಗೋ ನಗರದ ಹ್ಯೂ ರಾಬಿನ್ಸನ್ ಪ್ರಕಟಿಸಿದರು. ಮೊದಲ ಮೂರು ತಿಂಗಳಲ್ಲಿ ಭ್ರೂಣಗಳೆಲ್ಲವೂ ಬಹುಮಟ್ಟಿಗೆ ಒಂದೇ ಗತಿಯಲ್ಲಿ ಬೆಳೆಯುವುದರಿಂದ, ಉದ್ದವೇ ವಯಸ್ಸನ್ನು ಹೇಳುತ್ತದೆ. ಸಾಮಾನ್ಯವಾಗಿ ತಪ್ಪು ಒಂದು ವಾರವನ್ನು ಮೀರದು.

ಆ ಒಂದು ವಾರವೂ ಅಲ್ಪವಲ್ಲ. ಅಕಾಲದಲ್ಲಿ ನೋವು ಕಾಣಿಸಿಕೊಂಡಾಗ, ಕೂಸಿನ ಶ್ವಾಸಕೋಶಗಳು ಉಸಿರಾಟಕ್ಕೆ ಸಿದ್ಧವಾಗಿರಬಹುದೇ ಎಂದು ವೈದ್ಯರು ಊಹಿಸುವುದು ಈ ಎಣಿಕೆಯಿಂದಲೇ.