ಪುಣೆಯ ತಾರಸಿಗಳಿಗೆ ತುಡುವೆ ಜೇನು

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಆಶ್ರಯದಲ್ಲಿ 1962ರಲ್ಲಿ ಪುಣೆಯಲ್ಲಿ ಆರಂಭವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು ಗಣೇಶಖಿಂಡ ರಸ್ತೆಯಲ್ಲಿದ್ದುಕೊಂಡು ಹಳ್ಳಿಗಳ ಜೇನುಸಾಕಣೆಗಾಗಿ ದುಡಿದಿದೆ. ಆ ವಿದ್ಯೆ ಈಗ ಸಂಸ್ಥೆಯ ಸುತ್ತಲಿನ ನಗರಕ್ಕೂ ಬೇಕಾಗಿದೆ. ತಾರಸಿಯಲ್ಲಿ ತರಕಾರಿ ಬೆಳೆಯುವವರು ಗೊಬ್ಬರ, ನೀರು, ಬಿಸಿಲುಗಳನ್ನೆಲ್ಲ ಒದಗಿಸಿದರೂ ಕುಂಬಳದ ಪೀಚು ಹಳದಿಯಾಗಿ ಉದುರಿಹೋಗುತ್ತಿದ್ದರೆ, ಅಲ್ಲಿ ಬಹುಮಟ್ಟಿಗೆ ಕೊರತೆಯಾಗಿರುವುದು ಜೇನುನೊಣ.

ಕುಂಬಳ, ಸೌತೆ, ಹಾಗಲಗಳಲ್ಲಿ ಸಾಮಾನ್ಯವಾಗಿ ಗಂಡು ಹೂ ಮತ್ತು ಹೆಣ್ಣು ಹೂ ಒಂದೇ ಬಳ್ಳಿಯಲ್ಲಿ ಬೇರೆಬೇರೆಯಾಗಿ ಅರಳುತ್ತವೆ. ಗಂಡು ಹೂವಿನ ಅಂಟುಳ್ಳ ಪರಾಗ, ಅಂದರೆ ಗಂಡು ಕಣಗಳ ಪುಡಿ, ಗಾಳಿಗೆ ಹಾರಲಾರದಷ್ಟು ಭಾರವಾದುದರಿಂದ, ಕೀಟವೊಂದು ಅದನ್ನು ಮೈಗೆ ಹಚ್ಚಿಕೊಂಡು ಹೆಣ್ಣು ಹೂವಿಗೆ ಮುಟ್ಟಿಸಿದರಷ್ಟೇ ಕಾಯಿ ಕಟ್ಟುತ್ತದೆ. ಕುಂಬಳದ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡಿಬಿಡುವುದರಿಂದ ಈ ಕೆಲಸಕ್ಕೆ ಸಿಗುವುದು ಕೆಲವೇ ಗಂಟೆಗಳು. ಸಂಜೆ ಅರಳುವ ಸೋರೆಯ ಹೂವಿಗೆ ರಾತ್ರಿಯ ಪತಂಗಗಳೇ ನೆರವಾಗಬೇಕು.

ಈ ಪ್ರದೇಶದ ಜೇನುಗಳಲ್ಲಿ ಪೆಟ್ಟಿಗೆಗೆ ಒಗ್ಗುವುದು ಮುಖ್ಯವಾಗಿ ಕನ್ನಡಿಗರ ತುಡುವೆ, ಮರಾಠಿಗರ ಸಾತೇರಿ. ಬಂಡೆಗೋ ಎತ್ತರದ ಕಟ್ಟಡಕ್ಕೋ ಒಂದೇ ದೊಡ್ಡ ಎರಿಯನ್ನು ಬಯಲಲ್ಲಿ ತೂಗಬಿಡುವ ಹೆಜ್ಜೇನು, ಅಂದರೆ ಮರಾಠಿಯ ಆಗ್ಯಾ, ಮತ್ತು ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು, ಅಂದರೆ ಫುಲೋರಿ, ಕತ್ತಲೆಯ ಗೂಡಿನೊಳಗೆ ನಿಲ್ಲುವುದಿಲ್ಲ. ತುಡುವೆಯಾದರೋ ಮರದ ಪೊಟರೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟಿ, ಎರಡರ ನಡುವೆ ತಾನು ಓಡಾಡುವಷ್ಟು ಸಂದನ್ನು ಮಾತ್ರ ಬಿಡುತ್ತದೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಇಂಥ ಸಂದಿನ ಮಹತ್ವವನ್ನು ಅರಿತುದರಿಂದಲೇ, ಎರಿಯನ್ನು ಮುರಿಯದೆ ಹೊರತೆಗೆದು ಮತ್ತೆ ಇಡಬಹುದಾದ ಚೌಕಟ್ಟಿನ ಪೆಟ್ಟಿಗೆ ಹುಟ್ಟಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಪಾದ್ರಿ ನ್ಯೂಟನ್ ತುಡುವೆಯ ಮೈಯಳತೆಗೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ಬಳಕೆಗೆ ತಂದರು. ಕೆಳಗೆ ಮರಿಗಳ ಸಂಸಾರ ಕೋಣೆ, ಮೇಲೆ ತುಪ್ಪ ತುಂಬುವ ಜೇನು ಕೋಣೆ ಎಂಬ ಈ ವ್ಯವಸ್ಥೆಯಲ್ಲಿ ಸಂಸಾರಕ್ಕೆ ಧಕ್ಕೆಯಾಗದಂತೆ ಜೇನನ್ನಷ್ಟೇ ತೆಗೆಯಬಹುದು.

ತುಡುವೆಯ ಕೆಲಸಗಾರ ನೊಣಗಳು ಸಾಮಾನ್ಯವಾಗಿ ಗೂಡಿನಿಂದ ಒಂದು ಕಿಲೋಮೀಟರಿನೊಳಗೇ ಮೇವು ಹುಡುಕುತ್ತವೆ. ಹೀಗಾಗಿ ಪೆಟ್ಟಿಗೆಯ ಕುಟುಂಬದ ಅಳಿವು ಉಳಿವು ನಿರ್ಧಾರವಾಗುವುದು ಸುಮಾರು 3 ಚದರ ಕಿಲೋಮೀಟರಿನಲ್ಲಿ, ಎಂದರೆ ಒಂದು ಬಡಾವಣೆ ಮತ್ತು ಅದರ ನೆರೆಹೊರೆಯಲ್ಲಿ. ಬೇಸಿಗೆಯ ಹೊತ್ತಿಗೆ ನೇರಳೆ, ಹೊಂಗೆ, ಬೇವು, ಹುಣಸೆಗಳು ಮೇವು ಕೊಡುತ್ತವೆ. ಮಳೆಗಾಲ ಹಿಡಿದರೆ ಮಕರಂದ ಸಿಗುವುದೂ ಕಷ್ಟ, ಹಾರುವುದೂ ಕಷ್ಟ. ಸಾಕುವವರು ಸಕ್ಕರೆಪಾಕ ಕೊಟ್ಟು ಕುಟುಂಬವನ್ನು ಉಳಿಸಿಕೊಳ್ಳಬೇಕಾಗುತ್ತದೆ, ಇಲ್ಲವಾದರೆ ತುಡುವೆ ರಾಣಿಸಮೇತ ಗೂಡನ್ನೇ ಬಿಟ್ಟು ಹೊರಡುತ್ತದೆ. ಪುಣೆಯಿಂದ ತೀರ ದೂರವಲ್ಲದ ಮಹಾಬಳೇಶ್ವರದ ಕಾಡಿನಲ್ಲಿ ಸುಮಾರು 8 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಅರಳುವ ಕಾರ್ವಿ ಗಿಡ ಇದೆ, ಅದೇ ತಾಲ್ಲೂಕಿನ ಮಾಂಘರ್ ಹಳ್ಳಿ 2022ರಲ್ಲಿ ‘ಮಧಾಚೆ ಗಾಂವ್’, ಅಂದರೆ ಜೇನಿನ ಊರು ಎಂದು ಘೋಷಿತವಾಗಿದೆ. ನಗರಕ್ಕೆ ಅಂಥ ಕಾಡಿನ ಬೆಂಬಲವಿಲ್ಲ.

ಹೂವಿನ ಲೆಕ್ಕವಿಲ್ಲದೆ ತಾರಸಿಗೊಂದರಂತೆ ಪೆಟ್ಟಿಗೆ ಇಡುವ ಉತ್ಸಾಹ ಈ ಕಾರಣದಿಂದಲೇ ತಪ್ಪು. ಇದ್ದ ಮೇವಿಗೆ ಕಾಡುನೊಣಗಳೊಡನೆ ಪೈಪೋಟಿ ಹೆಚ್ಚುತ್ತದೆ, ಕುಟುಂಬಗಳು ಒತ್ತೊತ್ತಾಗಿದ್ದರೆ ರೋಗವೂ ಬೇಗ ಹರಡುತ್ತದೆ. ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು 1990ರ ದಶಕದ ಆರಂಭದಲ್ಲಿ ಕರ್ನಾಟಕ ಮತ್ತು ಕೇರಳದ ತುಡುವೆ ಪೆಟ್ಟಿಗೆಗಳನ್ನು ಬರಿದುಮಾಡಿದ್ದನ್ನು ಮಲೆನಾಡು, ಕರಾವಳಿಗಳ ಜೇನು ಕೃಷಿಕರು ಮರೆತಿಲ್ಲ.

ಇದಲ್ಲದೆ ಪೆಟ್ಟಿಗೆಯ ನೊಣದಿಂದ ಆಗದ ಕೆಲಸವೂ ಉಂಟು. ಬದನೆ, ಟೊಮೆಟೊಗಳ ಪರಾಗವು ಪರಾಗಕೋಶದ ತುದಿಯಿಂದ ಚೆನ್ನಾಗಿ ಉದುರಬೇಕಾದರೆ ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಅಲುಗಿಸುವ ಕೀಟ ಬೇಕು. ತುಡುವೆಗೆ ಆ ವಿದ್ಯೆ ತಿಳಿಯದು. ಒಣಮರವನ್ನೂ ಬಿದಿರನ್ನೂ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ ಮತ್ತು ಮಣ್ಣಿನಲ್ಲಿ ಒಂಟಿಯಾಗಿ ಬಿಲ ತೋಡುವ ನೀಲಿಪಟ್ಟೆಯ ನೊಣ ಅದನ್ನು ಬಲ್ಲವು. ಅಂಗಳಕ್ಕೆಲ್ಲ ಸಿಮೆಂಟು ಹಾಸಿ, ಒಣಕೊಂಬೆಗಳನ್ನೆಲ್ಲ ಕಡಿದು ಸಾಗಿಸಿದ ವಸತಿ ಸಮುಚ್ಚಯದಲ್ಲಿ ಇವೆರಡಕ್ಕೂ ನೆಲೆಯಿಲ್ಲ.

ಹೆಜ್ಜೇನಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅದರ ಸಾಮೂಹಿಕ ಕಡಿತದಿಂದ ಪ್ರಾಣಕ್ಕೇ ಅಪಾಯವಿರುವುದರಿಂದ ನಿವಾಸಿಗಳ ಭಯ ಸಕಾರಣವಾದುದೇ. ಆದರೆ ಅದು ಋತುವಿಗೆ ತಕ್ಕಂತೆ ಬಂದು ಹೋಗುವ ವಲಸಿಗ, ಕೆಣಕದಿದ್ದರೆ ಸಾಮಾನ್ಯವಾಗಿ ತನ್ನ ಪಾಡಿಗೆ ತಾನಿರುತ್ತದೆ. ಎತ್ತರದ ಗೋಡೆಯ ಗೂಡಿಗೆ ಕೀಟನಾಶಕ ಸಿಂಪಡಿಸಿ ಸಾವಿರಾರು ನೊಣಗಳನ್ನು ಕೊಲ್ಲುವ ಬದಲು, ಕಿಟಕಿ ಮುಚ್ಚಿ, ಹತ್ತಿರ ಹೊಗೆ ಪಟಾಕಿಗಳಿಲ್ಲದಂತೆ ನೋಡಿಕೊಂಡು ಅದು ತಾನಾಗಿ ಹೊರಡುವವರೆಗೆ ಕಾಯುವುದು, ಜನರ ಓಡಾಟದ ಜಾಗವಾದರೆ ತಿಳಿದವರಿಂದ ಗೂಡನ್ನು ಸ್ಥಳಾಂತರಿಸುವುದು ಸರಿಯಾದ ದಾರಿ.

ಪೆಟ್ಟಿಗೆ ಬಯಸುವ ಬಡಾವಣೆಯವರು ಅದನ್ನು ತರುವ ಮುನ್ನ ಆಷಾಢದ ಒಂದು ಬೆಳಿಗ್ಗೆ, ಮಳೆ ಬಿಡುವು ಕೊಟ್ಟಾಗ, ತಮ್ಮ ಬೀದಿಗಳಲ್ಲಿ ನಡೆದು ಯಾವ ಯಾವ ಹೂ ಅರಳಿದೆ ಎಂದು ಬರೆದುಕೊಳ್ಳಲಿ. ಪಟ್ಟಿ ಚಿಕ್ಕದಾಗಿದ್ದರೆ ಆ ವರ್ಷ ಪೆಟ್ಟಿಗೆಯ ಬದಲು ನುಗ್ಗೆ, ತುಳಸಿ, ಕುಂಬಳಗಳನ್ನು ನೆಡಲಿ.